ಕಾಲು ಹೋದರೆ ಶೇಕಡ ಎಷ್ಟು?

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಬರುವ ಹೊತ್ತಿಗೆ ಹಲವರ ಮೈ ದಣಿದಿರುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಮರ ಹತ್ತಿ ಕಾಯಿ ಕೆಡವುವವರು, ಸುಲಿಯುವವರು, ನಾರಿನ ಯಂತ್ರಕ್ಕೆ ಮಟ್ಟೆ ಹಾಕುವವರು, ಲಾರಿ ಓಡಿಸುವವರು. ಇವರಲ್ಲೊಬ್ಬರ ಕೈಯೋ ಕಾಲೋ ಹೋದರೆ ವೈದ್ಯರ ಸರ್ಟಿಫಿಕೇಟಿನಲ್ಲಿ ಶೇ 40, ಶೇ 60 ಎಂದು ಒಂದು ಅಂಕಿ ಬರುತ್ತದೆ. ಪರಿಹಾರವೂ ಅಷ್ಟೇ ಶೇಕಡವೇ? ಹಾಗೇನೂ ಇಲ್ಲವೆಂದು ತೋರಿಸಿದ್ದು ಕರ್ನಾಟಕದ ಒಬ್ಬ ಟ್ಯಾಂಕರ್ ಚಾಲಕನ ಮೊಕದ್ದಮೆ.

ಅಪಘಾತದಲ್ಲಿ ಆತನ ಬಲಗಾಲನ್ನು ಮಂಡಿಯವರೆಗೆ ಕತ್ತರಿಸಬೇಕಾಯಿತು. 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯಂತೆ ಆಯುಕ್ತರ ಮುಂದೆ ಅರ್ಜಿ ಹೋಯಿತು. ಅಲ್ಲಿಯ ಲೆಕ್ಕ ಹೈಸ್ಕೂಲು ಹುಡುಗರೂ ಮಾಡುವಂಥದು. ಲೆಕ್ಕಕ್ಕೆ ಹಿಡಿದ ತಿಂಗಳ ಕೂಲಿ 2,000 ರೂಪಾಯಿ. ಅದರ ಶೇ 60 ಎಂದರೆ 1,200. ಮೂವತ್ತರ ವಯಸ್ಸಿಗೆ ಕಾಯಿದೆ ಕೊಟ್ಟಿದ್ದ ಗುಣಕ 207.98. ಗುಣಿಸಿದರೆ 2,49,576 ರೂಪಾಯಿ. ಚಾಲಕನಾಗಿ ಆತನ ದುಡಿಮೆ ಪೂರ್ತಿ ಹೋಯಿತೆಂದು ಆಯುಕ್ತರು ಅಷ್ಟನ್ನೂ ಕೊಡಿಸಿದರು. ವಿಮಾ ಕಂಪನಿ ಬಿಡಲಿಲ್ಲ, ಹೈಕೋರ್ಟಿಗೆ ಹೋಯಿತು. ಅಲ್ಲಿ ನಷ್ಟ ಶೇ 65 ಎಂದಾಗಿ ಪರಿಹಾರ 1,62,224 ರೂಪಾಯಿಗೆ ಇಳಿಯಿತು.

2008ರಲ್ಲಿ ಸುಪ್ರೀಂ ಕೋರ್ಟು ಮತ್ತೆ ನೂರಕ್ಕೆ ನೂರು ಎಂದಿತು. ಅದಕ್ಕೆ ಆಧಾರ 1975ರ ತನ್ನದೇ ತೀರ್ಪು. ಒರಿಸ್ಸಾದ ಬಡಗಿಯೊಬ್ಬನ ಕೈಯನ್ನು ಮೊಣಕೈ ಮೇಲಕ್ಕೆ ತೆಗೆಯಲಾಗಿತ್ತು. ಒಂದೇ ಕೈಯಲ್ಲಿ ಉಳಿ ಹಿಡಿಯುವುದೇ, ಸುತ್ತಿಗೆ ಹಿಡಿಯುವುದೇ? ಬಡಗಿಯಾಗಿ ಅವನ ನಷ್ಟ ಪೂರ್ತಿಯೇ ಎಂದು ಅಂದು ಒಪ್ಪಿದ್ದ ನ್ಯಾಯಾಲಯ, ಅದೇ ಅಳತೆಗೋಲನ್ನು ಚಾಲಕನಿಗೂ ಹಿಡಿಯಿತು. ಮೋಟಾರು ವಾಹನ ಕಾಯಿದೆಯ ಪ್ರಕಾರ ಇನ್ನು ಆತನಿಗೆ ಲೈಸೆನ್ಸೇ ಸಿಗದು ಎಂಬುದನ್ನೂ ಹೇಳಿತು. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಗುಮಾಸ್ತನಿಗೆ ಅದೇ ಕಾಲು ಹೋಗಿದ್ದರೆ ಉತ್ತರ ಬೇರೆಯಾಗಬಹುದಿತ್ತು.

ಕಾಯಿ ಕೆಡವುವವನ ತೊಡಕು ಇದಕ್ಕೂ ಮೊದಲೇ ಶುರುವಾಗುತ್ತದೆ. ಇವತ್ತು ಒಂದು ತೋಟ, ನಾಳೆ ಇನ್ನೊಂದು, ಹಾಜರಿ ಪುಸ್ತಕವೆಲ್ಲಿಯದು? ತಾತ್ಕಾಲಿಕ ಕೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನು 2000ರ ತಿದ್ದುಪಡಿ ಕಾಯಿದೆಯಿಂದ ತೆಗೆದುಹಾಕಿತು. ಆದರೂ ಕೆಲಸಕ್ಕೆ ಕರೆದವರು ಯಾರೆಂದು ತೋರಿಸುವ ಹೊಣೆ ಗಾಯಗೊಂಡವನ ಮೇಲೇ ಉಳಿಯಿತು. ಮರ ಹತ್ತುವವರಿಗೆಂದೇ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ವಿಮೆ ತಂದಿದೆ. ಅದಕ್ಕೆ ಬೀಳುವ ಮೊದಲೇ ಹೆಸರು ಬರೆಸಿರಬೇಕು.

ಹಳೆಯ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಶೇ 60ನ್ನು ಗುಣಕದಿಂದ ಗುಣಿಸುವ ಸೂತ್ರ ಹಾಗೆಯೇ ಇದೆ. ಹೀಗಾಗಿ ಸರ್ಟಿಫಿಕೇಟು ಪಡೆಯುವಾಗ ಗಾಯಾಳು ಮಾಡುತ್ತಿದ್ದ ಕೆಲಸ ಯಾವುದು, ಅದನ್ನು ಇನ್ನು ಮಾಡಬಲ್ಲನೇ ಎಂಬ ಎರಡು ಸಾಲನ್ನೂ ವೈದ್ಯರಿಂದ ಬರೆಸಿಕೊಳ್ಳುವುದು ಒಳ್ಳೆಯದು.