ಅಂಗೈಯಗಲದ ಚಿತ್ರಶಾಲೆ

ಸಂಗ್ರಹಬುದ್ಧಿ ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಗುಣ. ಒಬ್ಬರು ಅಂಚೆಚೀಟಿಗಳನ್ನು ಕೂಡಿಹಾಕುತ್ತಾರೆ. ಇನ್ನೊಬ್ಬರು ಹಳೆಯ ನಾಣ್ಯಗಳನ್ನು. ಬೇರೇನೂ ದೊರೆಯದವರು ನೆರೆಹೊರೆಯವರ ಸಮಾಚಾರಗಳನ್ನು. ನಾನು ಕೂಡಿಹಾಕುವುದು ಅಂತರ್ಜಾಲದಲ್ಲಿ ಕಣ್ಣಿಗೆ ಬೀಳುವ ಕಿರುಚಿತ್ರಗಳನ್ನು. ಈ ಹವ್ಯಾಸಕ್ಕೆ ಕಪಾಟು ಬೇಡ, ಬೀಗ ಬೇಡ, ಧೂಳು ಕೊಡಹುವ ಶ್ರಮವೂ ಇಲ್ಲ. ಮೊಬೈಲಿನ ಅಂಗೈಯಗಲದ ಗಾಜಿನ ಹಿಂದೆ ನನ್ನ ಚಿತ್ರಶಾಲೆಯೆಲ್ಲ ಅಡಗಿದೆ. ಯಾವ ಕ್ರಮಕ್ಕೂ ಒಳಪಡದ ಆ ಸಂಗ್ರಹದಿಂದ ನಾಲ್ಕನ್ನು ಆರಿಸಿ ಇಂದು ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಒಂದು ಬೀದಿಯ ಚಿತ್ರ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಓಡುತ್ತಿದ್ದ ಟ್ರಾಮಿನ ಮುಂಭಾಗದಲ್ಲಿ ಕ್ಯಾಮೆರಾ ಇರಿಸಿ ಮೈಲ್ಸ್ ಸಹೋದರರು ಇದನ್ನು ತೆಗೆದರು. ಸುಮಾರು 13 ನಿಮಿಷಗಳ ಕಾಲ ಕುದುರೆಗಾಡಿಗಳು, ಹ್ಯಾಟು ಧರಿಸಿದ ಗೃಹಸ್ಥರು, ಗಾಡಿಗಳ ನಡುವೆ ನುಸುಳುವ ಹುಡುಗರು ನಮ್ಮೆದುರಿಗೆ ಬಂದು ಸರಿದುಹೋಗುತ್ತಾರೆ. ಬೀದಿ ತುಂಬಿದಂತೆ ಕಾಣಲೆಂದು ಕೆಲವು ಮೋಟಾರುಗಳು ಸುತ್ತಿ ಸುತ್ತಿ ಮತ್ತೆ ಬರುವುದನ್ನು ಸೂಕ್ಷ್ಮವಾಗಿ ನೋಡಿದವರು ಕಂಡುಹಿಡಿಯಬಹುದು. ಬಹುಕಾಲ ಇದನ್ನು 1905ರ ಚಿತ್ರವೆಂದೇ ನಂಬಿದ್ದರು. ಡೇವಿಡ್ ಕೀನ್ ಎಂಬ ಇತಿಹಾಸಕಾರರು ರಸ್ತೆಯಲ್ಲಿ ನಿಂತ ಮಳೆನೀರನ್ನೂ ಮೋಟಾರುಗಳ ನಂಬರುಗಳನ್ನೂ ಹಳೆಯ ಪತ್ರಿಕೆಗಳನ್ನೂ ತಾಳೆನೋಡಿ, ಅದು 1906ರ ಏಪ್ರಿಲ್ ತಿಂಗಳಿನದೆಂದು ತೋರಿಸಿಕೊಟ್ಟರು. ಅದೇ ಏಪ್ರಿಲ್ 18ರಂದು ಭೂಕಂಪವೂ ಅದರ ಬೆನ್ನಿಗೇ ಅಗ್ನಿಯೂ ಆ ನಗರವನ್ನು ಹಾಳುಗೆಡವಿದವು. ಮೈಲ್ಸ್ ಸಹೋದರರ ಸ್ಟುಡಿಯೊ ಉಳಿಯಲಿಲ್ಲ. ಫಿಲ್ಮಿನ ಸುರುಳಿ ಮಾತ್ರ ಹಿಂದಿನ ರಾತ್ರಿಯೇ ನ್ಯೂಯಾರ್ಕಿಗೆ ರೈಲು ಹತ್ತಿತ್ತು. ಈ ಸಂಗತಿ ತಿಳಿದ ಮೇಲೆ ಆ ದಾರಿಹೋಕರ ಮುಖಗಳನ್ನು ನಿರಾತಂಕವಾಗಿ ನೋಡುವುದು ನನ್ನಿಂದಾಗಿಲ್ಲ.

ಎರಡನೆಯದಕ್ಕೆ ಒಂದು ನಿಮಿಷವೂ ಬೇಡ. 1971ರ ಆಗಸ್ಟ್ 2ರಂದು ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು, ಒಂದು ಕೈಯಲ್ಲಿ ಸುತ್ತಿಗೆಯನ್ನೂ ಇನ್ನೊಂದರಲ್ಲಿ ಡೇಗೆಹಕ್ಕಿಯ ಗರಿಯನ್ನೂ ಹಿಡಿದು, ಎರಡನ್ನೂ ಒಟ್ಟಿಗೇ ಬಿಡುತ್ತಾರೆ. ಗಾಳಿಯಿಲ್ಲದ ಆ ಲೋಕದಲ್ಲಿ ಎರಡೂ ಜೊತೆಯಾಗಿಯೇ ನೆಲ ಮುಟ್ಟುತ್ತವೆ. ಗೆಲಿಲಿಯೊನ ತತ್ತ್ವವನ್ನು ಶಾಲೆಯಲ್ಲಿ ಉರುಹೊಡೆದವರೆಲ್ಲರೂ ಒಮ್ಮೆ ಇದನ್ನು ನೋಡಬೇಕು. ಬಾಯಿಪಾಠದಲ್ಲಿದ್ದದ್ದು ಆಗ ಕಣ್ಣಿಗೆ ಇಳಿಯುತ್ತದೆ.

ಮೂರನೆಯದು ಸಹನೆಯ ಕಥೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು ಗಾಜಿನ ಲಾಳಿಕೆಯೊಂದಕ್ಕೆ ಡಾಂಬರಿನ ಜಾತಿಯ ಕಪ್ಪು ಪಿಚ್ಚನ್ನು ಕಾಯಿಸಿ ಸುರಿದರು. ಸುತ್ತಿಗೆಯಿಂದ ಹೊಡೆದರೆ ಚೂರಾಗುವ ಈ ವಸ್ತುವೂ ದ್ರವದಂತೆ ಹರಿಯುತ್ತದೆಂದು ತೋರಿಸುವುದು ಅವರ ಉದ್ದೇಶ. ಒಂದು ಹನಿ ಬೀಳಲು ಎಂಟು ಹತ್ತು ವರ್ಷ! ಮುಂದೆ ಅದರ ಪಾಲಕರಾದ ಜಾನ್ ಮೇನ್‌ಸ್ಟೋನ್ ದಶಕಗಳ ಕಾಲ ಕಾದರು. 1988ರಲ್ಲಿ ಪಾನೀಯಕ್ಕೆಂದು ಐದು ನಿಮಿಷ ಅತ್ತ ಹೋದಾಗ ಹನಿ ಬಿದ್ದಿತು. 2000ದಲ್ಲಿ ಕ್ಯಾಮೆರಾ ಕಾವಲಿತ್ತು, ಅದು ಕೆಟ್ಟುನಿಂತಿತು. ಕಡೆಗೆ ಇಂಥದೇ ಹನಿಯೊಂದು ಬೀಳುವುದು 2013ರ ಜುಲೈನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಚಿತ್ರಿತವಾಯಿತು. ಮರುತಿಂಗಳೇ ಮೇನ್‌ಸ್ಟೋನ್ ಕಾಲವಾದರು. ಅವರ ಸ್ವಂತ ಲಾಳಿಕೆಯ ಒಂಬತ್ತನೆಯ ಹನಿ ಕೆಳಗೆ ಮುಟ್ಟಿದ್ದು 2014ರ ಏಪ್ರಿಲಿನಲ್ಲಿ. ಆ ಡಬ್ಲಿನ್ ಚಿತ್ರವನ್ನು ನಾನು ಅರೆಕ್ಷಣದಲ್ಲಿ ನೋಡಿ ಮುಗಿಸಿದೆ. ಅರೆಕ್ಷಣದ ಬೆಲೆ ಮಾತ್ರ ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು.

ನಾಲ್ಕನೆಯದು, ಬೆನ್ನಿನ ಮೇಲೆ ಪಟ್ಟೆಗಳಿರುವ ಒಂದು ಪ್ರಾಣಿ ಬೋನಿನೊಳಗೆ ಅತ್ತಿಂದಿತ್ತ ನಡೆಯುವ ಚಿತ್ರ. ಇದು ಟ್ಯಾಸ್ಮೇನಿಯದ ಹುಲಿ. ಹೆಸರಿಗೆ ಹುಲಿಯಾದರೂ ಕಾಂಗರೂವಿನಂತೆ ಮರಿಗೆ ಹೊಟ್ಟೆಚೀಲವುಳ್ಳ ಜಾತಿ. 1933ರ ಡಿಸೆಂಬರಿನಲ್ಲಿ ಡೇವಿಡ್ ಫ್ಲೇ ಎಂಬ ಪ್ರಾಣಿತಜ್ಞರು ಹೋಬಾರ್ಟಿನ ಮೃಗಾಲಯದಲ್ಲಿ ಇದನ್ನು ತೆಗೆಯುತ್ತಿದ್ದಾಗ, ಪ್ರಾಣಿ ಹಿಂದಿನಿಂದ ಬಂದು ಅವರ ಆಸನಭಾಗವನ್ನು ಕಚ್ಚಿತಂತೆ. ನಗು ಬರುತ್ತದೆ, ಆದರೆ 1936ರ ಸೆಪ್ಟೆಂಬರ್ 7ರಂದು ಅದೇ ಮೃಗಾಲಯದಲ್ಲಿ ಈ ಸಂತತಿಯ ಕೊನೆಯದೆಂದು ತಿಳಿದ ಪ್ರಾಣಿ ಸತ್ತಿತೆಂಬುದು ನೆನಪಾದೊಡನೆ ನಗು ಅಡಗುತ್ತದೆ. ಅದಕ್ಕೆ ಕಾನೂನಿನ ರಕ್ಷಣೆ ದೊರೆತು ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅದರ ಕೂಗನ್ನು ಯಾರೂ ಧ್ವನಿಮುದ್ರಿಸಿಡಲಿಲ್ಲ. 2021ರಲ್ಲಿ ಈ ಮೂಕಚಿತ್ರಕ್ಕೆ ಬಣ್ಣ ತುಂಬಿದರು. ದನಿಯನ್ನು ಎಲ್ಲಿಂದ ತರುವುದು?

ಈ ಚಿತ್ರವನ್ನು ನೋಡುವಾಗಲೆಲ್ಲ ನನ್ನ ಲೆಕ್ಕಾಚಾರ ಇನ್ನೊಂದು ಕಡೆಗೆ ತಿರುಗುತ್ತದೆ. ಫ್ಲೇ ಅವರು ಬೋನಿನೊಳಗೆ ನಿಂತ ಮೂರೇ ತಿಂಗಳಿಗೆ, 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದಿತು. ವೈ. ವಿ. ರಾವ್ ನಿರ್ದೇಶನ, ಸುಬ್ಬಯ್ಯನಾಯ್ಡು ಅವರ ಇಂದ್ರಜಿತು, ತ್ರಿಪುರಾಂಬ ಅವರ ಸುಲೋಚನೆ, ನಾಗೇಂದ್ರರಾಯರ ರಾವಣ. ಅಲ್ಲಿ ಮೂಕಪ್ರಾಣಿಯೊಂದರ ನಿಮಿಷದಷ್ಟು ನಡಿಗೆ ಉಳಿಯಿತು. ಇಲ್ಲಿ ಬೆಳ್ಳಿತೆರೆಯ ಮೇಲೆ ಕನ್ನಡ ಆಡಿದ ಮೊದಲ ಮಾತು ಅಳಿಯಿತು. ಅದರ ಒಂದು ಪ್ರತಿಯೂ ನಮಗೆ ಉಳಿದುಬಂದಿಲ್ಲ. ಕೋಟ್ಯಂತರ ಚಿತ್ರಗಳಿರುವ ಈ ಜಾಲದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೋಡಬಯಸುವುದು, ಅದರಲ್ಲಿ ಇಲ್ಲದ ಈ ಒಂದನ್ನೇ.

ಇಂದಿನ ಜಾಲದಲ್ಲಿ ಎಲ್ಲವೂ ಶಾಶ್ವತವಲ್ಲವೇ ಎಂದು ಮಿತ್ರರು ಕೇಳುತ್ತಾರೆ. ನನ್ನ ಪಟ್ಟಿಯಲ್ಲಿ ಒಂದು ತಾಳಮದ್ದಳೆಯಿತ್ತು. ಯಾರೋ ಪುಣ್ಯಾತ್ಮರು ಮನೆಯ ಹಳೆಯ ಕ್ಯಾಸೆಟ್ಟಿನಿಂದ ಏರಿಸಿದ್ದು. ಅದರ ಅರ್ಥಧಾರಿಗಳಲ್ಲಿ ಇಬ್ಬರು ಈಗ ಇಲ್ಲ. ಕಳೆದ ವರ್ಷ ಒತ್ತಿದರೆ, ‘ಈ ವಿಡಿಯೊ ಲಭ್ಯವಿಲ್ಲ’ ಎಂಬ ಒಂದು ಸಾಲು ಮಾತ್ರ ಬಂದಿತು. ಕರ್ಣನ ಸಂವಾದ ಅರ್ಧಕ್ಕೇ ನಿಂತಿತು. ಉಳಿದವೆಲ್ಲ ಉಳಿದದ್ದು ತಾವಾಗಿಯಲ್ಲ. ಒಬ್ಬರು ಸುರುಳಿಯನ್ನು ರೈಲಿಗೇರಿಸಿದರು, ಇನ್ನೊಬ್ಬರು ಕಚ್ಚಿಸಿಕೊಂಡೂ ಕೈಬಿಡಲಿಲ್ಲ. ನಿಮ್ಮ ಅಟ್ಟದ ಮೇಲೂ ಒಂದು ಹರಿಕಥೆಯೋ, ಬಯಲಾಟವೋ, ಅಜ್ಜಿಯ ಸೋಬಾನೆಯೋ ಕ್ಯಾಸೆಟ್ಟಿನಲ್ಲಿ ಬೂಸಲು ಹಿಡಿಯುತ್ತಿರಬಹುದು. ಅದನ್ನು ಇಳಿಸಿ, ಒಂದಲ್ಲ, ನಾಲ್ಕು ಪ್ರತಿ ಮಾಡಿಸಿ, ನಾಲ್ಕು ಮನೆಗಳಲ್ಲಿಡಿ. ಐದನೆಯದನ್ನು ಜಾಲಕ್ಕೆ ಏರಿಸಿದರೆ, ನೋಡಲು ನಾನಂತೂ ಇದ್ದೇನೆ.