ಹಗೇವಿನಿಂದ ಗಡಿಗೆಗೆ: ಗಣಕಯಂತ್ರದ ಸ್ಮೃತಿವ್ಯವಸ್ಥೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯು ಬಿಳಿಜೋಳಕ್ಕೆ ಹೆಸರಾದುದು. ಈ ಸೀಮೆಯ ಹಳೆಯ ಒಕ್ಕಲು ಮನೆತನಗಳಲ್ಲಿ ಜೋಳವನ್ನು ಮೂರು ತಾಣಗಳಲ್ಲಿ ಕಾದಿರಿಸುವ ಪದ್ಧತಿಯಿತ್ತು. ಬೆಳೆಯ ಬಹುಭಾಗವು ನೆಲದೊಳಗೆ ತೋಡಿದ ಹಗೇವಿನಲ್ಲಿ. ತಿಂಗಳೊಪ್ಪತ್ತಿಗೆ ಸಾಲುವಷ್ಟು ಮನೆಯೊಳಗಿನ ಚೀಲಗಳಲ್ಲಿ. ದಿನದ ರೊಟ್ಟಿಗೆ ಬೇಕಾದ ಹಿಟ್ಟು ಒಲೆಯ ಬದಿಯ ಗಡಿಗೆಯಲ್ಲಿ. ಹಗೇವನ್ನು ತೆರೆಯುವುದು ಸುಲಭದ ಕೆಲಸವಲ್ಲ. ಕಾಳಿನ ಉಸಿರಾಟದಿಂದ ಅದರೊಳಗೆ ಇಂಗಾಲದ ಡೈ ಆಕ್ಸೈಡ್ ವಾಯುವು ತುಂಬಿರುವುದರಿಂದ, ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟ ಮೇಲೆಯೇ ಒಳಗಿಳಿಯಬೇಕು. ಆದುದರಿಂದ ಒಂದು ರೊಟ್ಟಿಗಾಗಿ ಹಗೇವು ತೆರೆಯುವವರಿಲ್ಲ. ತೆರೆದಾಗ ಚೀಲಗಟ್ಟಲೆ ಜೋಳವನ್ನು ಹೊರತೆಗೆಯುವರು.

ಗಣಕಯಂತ್ರವೂ, ಇಂದು ವಿದ್ಯಾರ್ಥಿಗಳ ಕೈಯಲ್ಲಿರುವ ಫೋನೂ ತಮ್ಮ ಸ್ಮೃತಿಯನ್ನು, ಎಂದರೆ ನೆನಪಿನ ಭಂಡಾರವನ್ನು, ಹೆಚ್ಚು ಕಡಿಮೆ ಇದೇ ರೀತಿಯಲ್ಲಿ ನಿರ್ವಹಿಸುತ್ತವೆ. ಅದು ಹೇಗೆಂಬುದನ್ನು ಈಗ ನೋಡೋಣ.

ವೇಗದ ತಾರತಮ್ಯ

ಲೆಕ್ಕ ಮಾಡುವ ಅಂಗವಾದ ಸಂಸ್ಕಾರಕದ ಒಳಗೇ ಅತಿ ಚಿಕ್ಕದೂ ಅತಿ ವೇಗದ್ದೂ ಆದ ಕ್ಯಾಶ್ ಎಂಬ ಸ್ಮೃತಿಯಿರುತ್ತದೆ. ಅದರ ಅತ್ಯಂತ ಸಮೀಪದ ಭಾಗವು ಸುಮಾರು 1 ನ್ಯಾನೊ ಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದಂಶದಲ್ಲಿ, ಉತ್ತರ ಕೊಡುತ್ತದೆ. ಮುಖ್ಯ ಸ್ಮೃತಿಗೆ ಸುಮಾರು 100 ನ್ಯಾನೊ ಸೆಕೆಂಡು ಬೇಕು. ವಿದ್ಯುತ್ತು ನಿಂತರೂ ಬರಹವನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಸಂಗ್ರಹಕ್ಕೆ ಸುಮಾರು 1,00,000 ನ್ಯಾನೊ ಸೆಕೆಂಡುಗಳೇ ಬೇಕಾದಾವು. ಒಂದು ನ್ಯಾನೊ ಸೆಕೆಂಡನ್ನು ಒಂದು ಸೆಕೆಂಡೆಂದು ಹಿಗ್ಗಿಸಿ ನೋಡಿದರೆ, ಕ್ಯಾಶ್ ಒಂದು ಸೆಕೆಂಡಿನಲ್ಲಿಯೂ, ಮುಖ್ಯ ಸ್ಮೃತಿ 1 ನಿಮಿಷ 40 ಸೆಕೆಂಡಿನಲ್ಲಿಯೂ, ಫ್ಲ್ಯಾಶ್ 27 ಗಂಟೆಗಳಿಗೂ ಮಿಕ್ಕ ಕಾಲದಲ್ಲಿಯೂ ಉತ್ತರ ಕೊಟ್ಟಂತಾಯಿತು!

ಹಾಗಾದರೆ ಎಲ್ಲವನ್ನೂ ವೇಗದ ಸ್ಮೃತಿಯಿಂದಲೇ ಏಕೆ ಕಟ್ಟಬಾರದು? ಕ್ಯಾಶ್‌ನಲ್ಲಿ ಒಂದು ಬಿಟ್‌ ಅನ್ನು ಹಿಡಿದಿಡಲು ಸಾಮಾನ್ಯವಾಗಿ 6 ಟ್ರಾನ್ಸಿಸ್ಟರುಗಳು ಬೇಕು. ಮುಖ್ಯ ಸ್ಮೃತಿಯಲ್ಲಿ ಒಂದು ಟ್ರಾನ್ಸಿಸ್ಟರೂ ವಿದ್ಯುದಾವೇಶವನ್ನು ಹಿಡಿಯುವ ಒಂದು ಪುಟ್ಟ ಕೆಪಾಸಿಟರೂ ಸಾಕು. ವೇಗ ಹೆಚ್ಚಿದಂತೆ ಸ್ಥಳವೂ ಬೆಲೆಯೂ ಹೆಚ್ಚುತ್ತವೆ. ಇದರಿಂದ ಸ್ವಲ್ಪ ವೇಗದ್ದು, ಬಹಳ ನಿಧಾನದ್ದು ಎಂಬ ಶ್ರೇಣಿಯು ಅನಿವಾರ್ಯವಾಯಿತು.

ಯಾವುದು ಎಲ್ಲಿರಬೇಕು?

ಕ್ಯಾಶ್‌ನ ಆಡಳಿತವನ್ನು ಯಂತ್ರಾಂಶವೇ ನೋಡಿಕೊಳ್ಳುತ್ತದೆ. ಉಳಿದ ಶ್ರೇಣಿಗಳ ಯಜಮಾನಿಕೆಯು ಕಾರ್ಯನಿರ್ವಹಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನದು. ಅದು ಸ್ಮೃತಿಯನ್ನು ಪುಟಗಳಾಗಿ ವಿಭಾಗಿಸುತ್ತದೆ. ಒಂದು ಪುಟವು ಬಹುತೇಕ 4,096 ಬೈಟುಗಳದು. ಹಗೇವಿನಿಂದ ಜೋಳವು ಚೀಲಗಳಲ್ಲಿ ಬರುವಂತೆ ಮಾಹಿತಿಯು ಪುಟಗಳಲ್ಲಿ ಸಾಗುತ್ತದೆ.

ಈ ವಿಚಾರವು ಹೊಸದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕಯಂತ್ರದಲ್ಲಿ 16,384 ಪದಗಳ ವೇಗದ ಕಾಂತ ಸ್ಮೃತಿಯೂ, 98,304 ಪದಗಳ ನಿಧಾನವಾದ, ತಿರುಗುವ ಕಾಂತ ಪೀಪಾಯಿಗಳೂ ಇದ್ದುವು. ಕ್ರಮವಿಧಿಯನ್ನು ಬರೆಯುವವನಿಗೆ ಇವೆರಡೂ ಒಂದೇ ದೊಡ್ಡ ಸ್ಮೃತಿಯೆಂಬಂತೆ ತೋರುತ್ತಿದ್ದುವು. 512 ಪದಗಳ ಪುಟಗಳನ್ನು ಅತ್ತಿತ್ತ ಸಾಗಿಸುವ ಹೊಣೆ ಯಂತ್ರದ ಮೇಲ್ವಿಚಾರಕ ಕ್ರಮವಿಧಿಯದು. ಯಾವ ಪುಟವನ್ನು ಹೊರಗೆ ಕಳುಹಿಸಬೇಕೆಂಬುದನ್ನು ಅದು ಪುಟಗಳ ಬಳಕೆಯ ಗುರುತುಗಳನ್ನು ನೋಡಿ ನಿರ್ಧರಿಸುತ್ತಿತ್ತು.

ಇಂದಿಗೂ ಮೂಲ ಉಪಾಯ ಅದೇ. ಪುಟವೊಂದನ್ನು ಮುಟ್ಟಿದೊಡನೆ ಅದರ ಲೆಕ್ಕದಲ್ಲಿ ಒಂದು ಗುರುತು ಬೀಳುತ್ತದೆ. ಕರ್ನೆಲ್ ಆಗಾಗ ಬಂದು ಗುರುತುಗಳನ್ನು ಪರೀಕ್ಷಿಸಿ ಅಳಿಸುತ್ತದೆ. ಮತ್ತೆ ಬಂದಾಗ ಗುರುತು ಬಿದ್ದಿದ್ದರೆ ಪುಟವು ಬಿಸಿಯಾದುದು, ಬೀಳದಿದ್ದರೆ ತಣ್ಣಗಾದುದು. ಈಗ ತಾನೆ ಬಳಸಿದುದನ್ನು ಪುನಃ ಬೇಗನೆ ಬಳಸುವ ಸಂಭವ ಹೆಚ್ಚೆಂಬ ಅನುಭವವೇ ಇದಕ್ಕೆ ಆಧಾರ.

ಆದರೆ ಕೆಲಸಕ್ಕೆ ಅವಶ್ಯವಾದ ಪುಟಗಳೇ ಮುಖ್ಯ ಸ್ಮೃತಿಯಲ್ಲಿ ಹಿಡಿಸದಿದ್ದರೆ ಏನಾದೀತು? ಒಂದು ಪುಟವನ್ನು ತರಲು, ಮರುಕ್ಷಣವೇ ಬೇಕಾಗುವ ಇನ್ನೊಂದನ್ನು ಹೊರಹಾಕಬೇಕಾಗುತ್ತದೆ. ಯಂತ್ರವು ಸಾಗಾಣಿಕೆಯಲ್ಲಿಯೇ ದಣಿದು, ನಿಜವಾದ ಕೆಲಸವು ನಿಂತುಹೋಗುತ್ತದೆ. ಈ ವ್ಯರ್ಥ ಹೆಣಗಾಟದ ಕಾರಣವನ್ನು ಅಮೆರಿಕದ ಪೀಟರ್ ಡೆನಿಂಗ್ 1968ರಲ್ಲಿ ವಿಶದಪಡಿಸಿದರು.

ನಡುವಣ ಮೆಟ್ಟಿಲುಗಳು

ಮುಖ್ಯ ಸ್ಮೃತಿಗೂ ಫ್ಲ್ಯಾಶಿಗೂ ನಡುವೆ ಸಾವಿರ ಪಟ್ಟು ಅಂತರವಿದೆಯಷ್ಟೆ. ಈ ಕಂದರದಲ್ಲಿ ಮೆಟ್ಟಿಲುಗಳನ್ನು ಕಟ್ಟುವ ಪ್ರಯತ್ನ ಇತ್ತೀಚಿನದು. 2019ರಲ್ಲಿ ಪ್ರಕಟವಾದ ಸಿ.ಎಕ್ಸ್.ಎಲ್. ಎಂಬ ಜೋಡಣೆಯ ಮೂಲಕ ದೊಡ್ಡ ಗಣಕಗಳಿಗೆ ಹೊರಗಿನಿಂದ ಸ್ಮೃತಿಯನ್ನು ಸೇರಿಸಬಹುದು. ಅದನ್ನು ಸಂಸ್ಕಾರಕವು ನೇರವಾಗಿ ಓದಬಲ್ಲುದಾದರೂ, ಮುಖ್ಯ ಸ್ಮೃತಿಗಿಂತ ಸಾಮಾನ್ಯವಾಗಿ ಎರಡು ಮೂರು ಪಟ್ಟು ನಿಧಾನ.

ಲಿನಕ್ಸ್ ಕರ್ನೆಲ್‌ ಇದಕ್ಕೆ ಕ್ರಮೇಣ ಸಿದ್ಧವಾಯಿತು. 2021ರ 5.15ನೆಯ ಆವೃತ್ತಿಯು ತಣ್ಣನೆಯ ಪುಟಗಳನ್ನು ನಿಧಾನದ ಸ್ಮೃತಿಗೆ ಇಳಿಸಲು ಕಲಿತಿತು. 2022ರ 5.18ನೆಯದು ಬಿಸಿ ಪುಟಗಳನ್ನು ಮೇಲಕ್ಕೇರಿಸಲು ಕಲಿತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ 6.1ನೆಯದರಲ್ಲಿ, ಆಗ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಅನೀಶ್ ಕುಮಾರ್ ಕೆ.ವಿ. ಅವರು ಬರೆದ ಸ್ಮೃತಿಶ್ರೇಣಿಗಳ ಸ್ಪಷ್ಟ ವ್ಯವಸ್ಥೆ ಸೇರಿತು.

ಏರಿಸುವ ವಿಧಾನವು ಸ್ವಾರಸ್ಯವಾದುದು. ಕರ್ನೆಲ್ ಕೆಲವು ಪುಟಗಳ ಬಾಗಿಲನ್ನು ಬೇಕೆಂದೇ ಕ್ಷಣಕಾಲ ಮುಚ್ಚಿಟ್ಟು, ಯಾರಾದರೂ ಬಂದು ತಟ್ಟಲು ಎಷ್ಟು ಹೊತ್ತಾಯಿತೆಂದು ಅಳೆಯುತ್ತದೆ. ಬೇಗನೆ ತಟ್ಟಿದರೆ ಆ ಪುಟವು ಬಿಸಿಯಾದುದೆಂದು ಮೇಲಕ್ಕೇರುತ್ತದೆ. ಸಾಗಾಣಿಕೆಗೂ ಖರ್ಚಿರುವುದರಿಂದ ಅದರ ಪ್ರಮಾಣಕ್ಕೆ ಮಿತಿಯನ್ನೂ ಹಾಕಬಹುದು.

ಕೈಯಲ್ಲಿರುವ ಫೋನು

ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಲಿನಕ್ಸ್ ಕರ್ನೆಲ್ಲೇ. ಅಲ್ಲಿ ನಡುವಣ ಮೆಟ್ಟಿಲಾಗಿ ಜ಼ಡ್‌ರಾಮ್ ಎಂಬ ಉಪಾಯವಿದೆ. ತಣ್ಣನೆಯ ಪುಟಗಳನ್ನು ಹೊರಗೆ ಕಳುಹಿಸುವ ಬದಲು ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಅದುಮಿ ಮುಖ್ಯ ಸ್ಮೃತಿಯಲ್ಲಿಯೇ ಇಡುತ್ತಾರೆ. ಪುನಃ ಬಿಡಿಸಲು ಕೆಲವು ಮೈಕ್ರೊ ಸೆಕೆಂಡುಗಳು ಸಾಕು. ಅದೂ ಸಾಲದಾದಾಗ, ಹಿಂದೆ ಸರಿದಿರುವ ಆ್ಯಪ್ ಒಂದನ್ನು ವ್ಯವಸ್ಥೆಯು ಕೊನೆಗಾಣಿಸುತ್ತದೆ. ವಿದ್ಯಾರ್ಥಿವೇತನದ ಅರ್ಜಿಯನ್ನು ಅರ್ಧ ತುಂಬಿ, ಭಾವಚಿತ್ರ ತೆಗೆಯಲು ಕ್ಯಾಮೆರಾ ತೆರೆದು ಮರಳಿದಾಗ ಅರ್ಜಿಯು ಬರಿದಾಗಿರುವುದಕ್ಕೆ ಹಲವು ವೇಳೆ ಇದೇ ಕಾರಣ. ಆದುದರಿಂದ ಇಂಥ ಕೆಲಸದಲ್ಲಿ ಭಾವಚಿತ್ರವನ್ನು ಮೊದಲೇ ಸಿದ್ಧಪಡಿಸಿಕೊಂಡು, ತುಂಬಿದುದನ್ನು ಆಗಾಗ ಉಳಿಸುತ್ತಿರುವುದು ಲೇಸು.

ಫೋನು ಕೊಳ್ಳುವಾಗಲೂ ಈ ತಿಳಿವಳಿಕೆಯು ಪ್ರಯೋಜನಕ್ಕೆ ಬರುತ್ತದೆ. 4 ಗಿಗಾಬೈಟಿನ ಸ್ಮೃತಿಗೆ ಇನ್ನೂ 4 ಸೇರಿ 8 ಎಂದು ಸಾರುವ ಜಾಹೀರಾತುಗಳನ್ನು ವಾಚಕರು ಕಂಡಿರಬಹುದು. ಹಾಗೆ ಸೇರಿಸಿದುದು ಬಹುಮಟ್ಟಿಗೆ ಫ್ಲ್ಯಾಶ್ ಸಂಗ್ರಹದ ಒಂದು ಭಾಗ. ವಿರಳವಾಗಿ ಬೇಕಾಗುವ ಪುಟಗಳಿಗೆ ಅದು ಉಪಯುಕ್ತವೇ ಹೌದು. ಆದರೆ ಅದರ ವೇಗವು ಸಾವಿರದಲ್ಲಿ ಒಂದು ಪಾಲು, ಮತ್ತು ಮೇಲಿಂದ ಮೇಲೆ ಬರೆಯುವುದರಿಂದ ಫ್ಲ್ಯಾಶ್ ಸವೆಯುತ್ತದೆ. ಹಗೇವಿನ ಜೋಳವನ್ನು ಗಡಿಗೆಯ ಹಿಟ್ಟಿನೊಡನೆ ಕೂಡಿಸಿ ಒಂದೇ ಲೆಕ್ಕ ಹೇಳಿದರೆ, ಹಸಿದವನಿಗೆ ರೊಟ್ಟಿ ಬೇಗ ಬಾರದು. ಅಂಗಡಿಯಲ್ಲಿ ಹಣ ಕೊಡುವ ಮುನ್ನ ನಿಜವಾದ ಮುಖ್ಯ ಸ್ಮೃತಿಯೆಷ್ಟೆಂದು ವಿದ್ಯಾರ್ಥಿಗಳು ಕೇಳಿ ತಿಳಿಯಬೇಕು.