ಒಂದೇ ಅಂಗಡಿ, ಎರಡು ವಿಳಾಸಪಟ್ಟಿ

ಇಂಡಿಯ ಲಿಂಬೆ, ಸಿಂದಗಿಯ ತೊಗರಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ಕಾಳುಕಡಿ ಇವುಗಳ ದರದ ಮಾತುಕತೆ ಇಂದು ಮೊಬೈಲಿನಲ್ಲಿಯೇ ಮುಗಿಯುತ್ತದೆ. ಆದರೆ ಬಿಲ್ಲು, ಬ್ಯಾಂಕಿನ ಪತ್ರವ್ಯವಹಾರ, ವರ್ಷಾಂತ್ಯದ ಬಾಕಿ ದೃಢೀಕರಣ ಮುಂತಾದವು ಬಹುಮಟ್ಟಿಗೆ ಇ-ಮೇಲ್ ಮೂಲಕವೇ ಸಾಗುತ್ತವೆ. ಗಣಕಯಂತ್ರ ಒಂದೇ ಇದ್ದರೂ ಅದರ ಔಟ್‌ಲುಕ್‌ನಲ್ಲಿ ಮಾಲೀಕರಿಗೊಂದು, ಗುಮಾಸ್ತರಿಗೊಂದು ಪ್ರೊಫೈಲ್ ಇರುವುದು ಅಪರೂಪವಲ್ಲ.

ಮುಂಬಯಿಯ ಖರೀದಿದಾರರೊಬ್ಬರು ತಮ್ಮ ಇ-ಮೇಲ್ ವಿಳಾಸ ಬದಲಿಸಿದರೆಂದು ಭಾವಿಸೋಣ. ಮಾಲೀಕರು ತಮ್ಮ ಪಟ್ಟಿಯಲ್ಲಿ ತಿದ್ದಿಕೊಂಡರು; ಗುಮಾಸ್ತರ ಪಟ್ಟಿ ಹಾಗೆಯೇ ಉಳಿಯಿತು. ಮಾರ್ಚ್ ತಿಂಗಳ ಬಾಕಿ ಪತ್ರವು ಹಳೆಯ ವಿಳಾಸಕ್ಕೆ ಹೋಗುತ್ತದೆ. ಆ ವಿಳಾಸ ರದ್ದಾಗಿದ್ದರೆ ಪತ್ರ ಹಿಂದಿರುಗಿ ಬರುವುದರಿಂದ ತಪ್ಪು ಕೂಡಲೇ ತಿಳಿಯುತ್ತದೆ. ರದ್ದಾಗದೆ, ಯಾರೂ ತೆರೆದು ನೋಡದ ಪೆಟ್ಟಿಗೆಯಾಗಿ ಉಳಿದಿದ್ದರೆ ತಿಳಿಯುವುದು ಲೆಕ್ಕಪರಿಶೋಧನೆಯ ವೇಳೆಗೆ. ಅಷ್ಟರಲ್ಲಿ ವಸೂಲಿಯ ತಿಂಗಳುಗಳು ಕಳೆದುಹೋಗಿರುತ್ತವೆ.

ಇದಕ್ಕೆ ಹಲವರು ಕಂಡುಕೊಂಡಿರುವ ಉಪಾಯವೆಂದರೆ ಒಂದು ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಹೊರತೆಗೆದು ಇನ್ನೊಂದು ಪ್ರೊಫೈಲ್‌ಗೆ ಸೇರಿಸುವುದು. ಇದು ನಕಲು ಮಾತ್ರ, ಹಂಚಿಕೆಯಲ್ಲ. ಮರುದಿನವೇ ಎರಡೂ ಪಟ್ಟಿಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಆ ಕಡತವನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರಂತೂ ಇಂಡಿಯ ದೂರವಾಣಿ ಸಂಕೇತ 08359 ಮುಂದಿನ ಸೊನ್ನೆ ಕಳೆದುಕೊಂಡು 8359 ಆಗಬಹುದು. ಯುಟಿಎಫ್-8 ರೂಪದಲ್ಲಿ ಉಳಿಸದಿದ್ದರೆ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಹಳೆಯ ಮಾದರಿಯ, ಅಂದರೆ ಈಗ ‘ಕ್ಲಾಸಿಕ್’ ಎನಿಸಿಕೊಂಡಿರುವ ಔಟ್‌ಲುಕ್‌ನಲ್ಲಿ ಇದಕ್ಕಿಂತ ಉತ್ತಮ ಮಾರ್ಗವಿದೆ. ಅಂಗಡಿಯ ಹೆಸರಿನಲ್ಲಿ ಪ್ರತ್ಯೇಕ ಪಿಎಸ್‌ಟಿ ಕಡತವೊಂದನ್ನು ರಚಿಸಿ, ಅದರಲ್ಲಿ ಕಾಂಟ್ಯಾಕ್ಟ್ಸ್ ಫೋಲ್ಡರ್ ತೆರೆದು, ವ್ಯಾಪಾರದ ವಿಳಾಸಗಳನ್ನೆಲ್ಲ ಅಲ್ಲಿಗೆ ಸ್ಥಳಾಂತರಿಸಬೇಕು. ಬಳಿಕ ಅಕೌಂಟ್ ಸೆಟ್ಟಿಂಗ್ಸ್‌ನ ‘ಡೇಟಾ ಫೈಲ್ಸ್’ ವಿಭಾಗದಲ್ಲಿ ಅದೇ ಕಡತವನ್ನು ಎರಡೂ ಪ್ರೊಫೈಲ್‌ಗಳಿಗೆ ಸೇರಿಸಿದರಾಯಿತು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಔಟ್‌ಲುಕ್ ಅಡ್ರೆಸ್ ಬುಕ್’ ಗುರುತು ಬಿದ್ದಿದೆಯೇ ಎಂಬುದನ್ನು ಎರಡೂ ಕಡೆ ನೋಡಿಕೊಳ್ಳಬೇಕು. ಇಲ್ಲವಾದರೆ ಪತ್ರ ಬರೆಯುವಾಗ ಹೆಸರು ಸಿಗುವುದಿಲ್ಲ. ಇದು ಒಂದೇ ಯಂತ್ರಕ್ಕೆ ಸಲ್ಲುವ ಕ್ರಮ. ಪಿಎಸ್‌ಟಿ ಕಡತವನ್ನು ಜಾಲದ ಮೇಲಿಟ್ಟು ಎರಡು ಯಂತ್ರಗಳಿಂದ ಏಕಕಾಲಕ್ಕೆ ತೆರೆಯಲು ಹೋದರೆ ಕಡತವೇ ಕೆಡುವ ಸಂಭವವುಂಟು. ಮೈಕ್ರೋಸಾಫ್ಟ್ ಸಂಸ್ಥೆಯೂ ಅದನ್ನು ಸಮರ್ಥಿಸುವುದಿಲ್ಲ.

ಥಂಡರ್‌ಬರ್ಡ್ ಬಳಸುವವರ ಸ್ಥಿತಿ ಬೇರೆ. ಅಲ್ಲಿ ವಿಳಾಸಗಳು ಆಯಾ ಪ್ರೊಫೈಲ್‌ನ ಕೋಶದಲ್ಲಿಯೇ ಕೂಡಿರುತ್ತವೆ. ಆದ್ದರಿಂದ ಗೂಗಲ್‌ನಂತಹ ಸೇವೆಯಲ್ಲಿ ಅಂಗಡಿಯ ಹೆಸರಿನ ಖಾತೆಯೊಂದನ್ನಿಟ್ಟು, ಅದರ ವಿಳಾಸಪಟ್ಟಿಯನ್ನು ಕಾರ್ಡ್‌ಡಾವ್ ಮೂಲಕ ಎಲ್ಲ ಪ್ರೊಫೈಲ್‌ಗಳಿಗೂ ಜೋಡಿಸುವುದು ಲೇಸು. ಇಂಡಿಯಲ್ಲಿ ಅಡತಿ ಅಂಗಡಿ, ಸಿಂದಗಿಯಲ್ಲಿ ಗೋದಾಮು ಎಂಬಂತೆ ಎರಡು ಊರುಗಳಲ್ಲಿ ಯಂತ್ರಗಳಿರುವವರಿಗೂ ಇದೇ ದಾರಿ. ಗುಮಾಸ್ತರು ಕೆಲಸ ಬಿಟ್ಟ ದಿನವೇ ಆ ಖಾತೆಯ ಗುಪ್ತಪದವನ್ನು ಬದಲಿಸಿ, ಹಳೆಯ ಸಂಪರ್ಕಗಳನ್ನು ಕಡಿಯಬೇಕಾಗುತ್ತದೆ.

ಹಂಚಿಕೊಂಡ ಪಟ್ಟಿಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಗಳಿಗೆ ಸ್ಥಾನವಿರಕೂಡದು. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯೂ ಲೆಕ್ಕದ ತಂತ್ರಾಂಶದಲ್ಲಿರುವುದೇ ಸರಿ. ಪಟ್ಟಿಯನ್ನು ಎಲ್ಲರೂ ಓದಲಿ, ತಿದ್ದುವವರು ಮಾತ್ರ ಒಬ್ಬರೇ ಇರಲಿ. ಖಾತೆ ಬದಲಾಗಿದೆಯೆಂದು ಪತ್ರ ಬಂದರೆ ಅದರಲ್ಲಿ ಕೊಟ್ಟ ಸಂಖ್ಯೆಗಲ್ಲ, ಪಟ್ಟಿಯಲ್ಲಿ ಮೊದಲೇ ಇದ್ದ ಸಂಖ್ಯೆಗೆ ದೂರವಾಣಿ ಮಾಡಿ ವಿಚಾರಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಹಳೆಯ ವಿಳಾಸ ಮತ್ತೆ ತಲೆ ಎತ್ತುವುದುಂಟು. ‘ಟು’ ಎಂಬಲ್ಲಿ ಎರಡು ಅಕ್ಷರ ಒತ್ತಿದೊಡನೆ ಔಟ್‌ಲುಕ್ ತಾನಾಗಿ ಸೂಚಿಸುವ ಹೆಸರುಗಳು ವಿಳಾಸಪಟ್ಟಿಯಿಂದಷ್ಟೇ ಬರುವುದಿಲ್ಲ; ಹಿಂದೆ ಕಳುಹಿಸಿದ ಪತ್ರಗಳ ನೆನಪೂ ಅದರಲ್ಲಿರುತ್ತದೆ. ಅಲ್ಲಿ ಕಾಣುವ ಹಳೆಯ ಹೆಸರಿನ ಪಕ್ಕದ ಗುಣಾಕಾರದ ಗುರುತನ್ನು ಪ್ರತಿಯೊಂದು ಪ್ರೊಫೈಲ್‌ನಲ್ಲಿಯೂ ಒತ್ತಿ ಅಳಿಸಬೇಕು.